ಅಗ್ಗದ ದುರ್ಬೀನಿನ ಚಂದ್ರದರ್ಶನ

ನಾನು ನ್ಯಾಮತಿಯಲ್ಲಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರಾಗಿದ್ದವನು. ಒಂದು ಸೀಟಿ, ಒಂದು ಗಟ್ಟಿ ಗಂಟಲು ಇದ್ದರೆ ಜಗತ್ತಿನ ಯಾವ ಸಮಸ್ಯೆಯನ್ನಾದರೂ ಸಾಲಾಗಿ ನಿಲ್ಲಿಸಬಹುದು ಎಂದು ಮನಸಾರೆ ನಂಬಿದ್ದೆ. ಅಂಥ ಮನುಷ್ಯ ಆಕಾಶಕ್ಕೆ ಕೈ ಹಾಕಿದ್ದು ಯಾಕೆ ಎಂದು ಈಗಲೂ ಜನ ಕೇಳುತ್ತಾರೆ. ತಪ್ಪು ನನ್ನದಲ್ಲ, ಸೂರ್ಯನದು.

ಎಂಬತ್ತನೇ ಇಸವಿಯಲ್ಲಿ ದೊಡ್ಡ ಗ್ರಹಣ ಬಂತಲ್ಲ, ಆ ದಿನ ನನ್ನ ಹೆಂಡತಿ ಸರೋಜ ಕಿಟಕಿಗಳಿಗೆಲ್ಲ ಗೋಣಿಚೀಲ ಕಟ್ಟಿ, ಬಾಗಿಲಿಗೆ ಅಗುಳಿ ಹಾಕಿ, ಆ ಬಾಗಿಲಿಗೇ ಬೆನ್ನು ಕೊಟ್ಟು ಕೂತಿದ್ದಳು. ನಾನು ಮಂಚದ ಮೇಲೆ ಕೂತು ರೇಡಿಯೋದಲ್ಲಿ ಗ್ರಹಣ ಕೇಳಿದೆ. ಮುಂದಿನ ವಾರ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟ್ರು ಹುಬ್ಬಳ್ಳಿಗೆ ಹೋಗಿ ಕಣ್ಣಾರೆ ಕಂಡದ್ದನ್ನು ಬಣ್ಣಿಸತೊಡಗಿದರು. ಹೆಡ್‌ಮೇಷ್ಟ್ರು ಕೂಡ ಟೀ ಲೋಟ ಕೆಳಗಿಟ್ಟು ಕೇಳಿದರು. ನನ್ನ ಸೀಟಿಗೆ ಅಂಥ ಮರ್ಯಾದೆ ಎಂದೂ ಸಿಕ್ಕಿರಲಿಲ್ಲ. ಅಂದು ರಾತ್ರಿ ಊಟಕ್ಕೆ ಕೂತಾಗ ನಾನು ಘೋಷಿಸಿದೆ, ‘ನಾನೊಂದು ದೂರದರ್ಶಕ ತರುವವನಿದ್ದೇನೆ.’

‘ಗ್ವಾಡೆ ಮ್ಯಾಲಿನ ಗಡಿಯಾರ ನೋಡಾಕೆ ನಿಮಗೆ ಕನ್ನಡಕ ಬೇಕು’ ಎಂದಳು ಸರೋಜ, ರೊಟ್ಟಿ ಹಾಕುತ್ತ. ‘ಚುಕ್ಕಿ ನೋಡಾಕೆ ಹೊಂಟಾರೆ.’

ನನ್ನ ತಂಗಿ ಗಿರಿಜಾ ಮಾತ್ರ, ‘ತರಲಿ ಬಿಡು ಅತ್ಗೆ, ಕೇರಂ ಬೋರ್ಡು ತಂದಾಗೂ ನೀನು ಹಿಂಗೇ ಅಂದಿದ್ದೆ’ ಎಂದು ನನ್ನ ಪರ ನಿಂತಳು. ಅಪ್ಪ ಅವ್ವ ತೀರಿದ ಮೇಲೆ ಅವಳು ನಮ್ಮಲ್ಲೇ ಇದ್ದಳು. ಅವಳ ಬೆಂಬಲ ಇತ್ತು ಎಂಬುದನ್ನು ಇಲ್ಲಿ ಮುಖ್ಯವಾಗಿ ದಾಖಲಿಸುತ್ತೇನೆ. ಯಾಕೆಂದರೆ ಆ ದೂರದರ್ಶಕದ ಕೊಳವೆ ಮುಂದೆ ಕೊರಳು ಹಿಡಿದದ್ದು ಪಾಪ ಅವಳದೇ.

ಶಾಲೆಗೆ ವಾಲಿಬಾಲ್ ತರಲು ದಾವಣಗೆರೆಗೆ ಹೋದವನು, ವಾಲಿಬಾಲ್ ಮುಗಿಸಿ, ಪ್ರಯೋಗಶಾಲೆಯ ಸಾಮಾನು ಮಾರುವ ಒಂದು ಅಂಗಡಿಗೆ ನುಗ್ಗಿದೆ. ಅಂಗಡಿಯವರು ಮೂರು ತೋರಿಸಿದರು. ಮೊದಲನೆಯದು ಹಿತ್ತಾಳೆಯದು, ಎಳೆದಷ್ಟೂ ಉದ್ದವಾಗುತ್ತಿತ್ತು. ಬೆಲೆಯೂ ಹಾಗೆಯೇ. ಎರಡನೆಯದು ಎರಡು ಕಣ್ಣಿಗೂ ಹಿಡಿಯುವ ಬೈನಾಕ್ಯುಲರ್. ಅದು ಗಿಡ್ಡ. ಪಿ.ಟಿ. ಮೇಷ್ಟ್ರ ಲೆಕ್ಕದಲ್ಲಿ ಜಾವೆಲಿನ್ ಉದ್ದವಾದಷ್ಟೂ ದೂರ ಹೋಗುತ್ತದೆ. ಗಿಡ್ಡನೆಯದು ಚಂದ್ರನ ತನಕ ಮುಟ್ಟೀತೇ? ಮೂರನೆಯದನ್ನು ಕಂಡ ಕೂಡಲೇ ನನಗೆ ಪ್ರೀತಿ ಹುಟ್ಟಿತು. ಮೂರಡಿ ಉದ್ದದ ಕಪ್ಪು ಕೊಳವೆ, ತುದಿಯಲ್ಲಿ ದಪ್ಪ ಗಾಜು, ಬೆಲೆ ಹಿತ್ತಾಳೆಯದರ ಅರ್ಧಕ್ಕಿಂತ ಕಮ್ಮಿ.

‘ಇಷ್ಟು ಉದ್ದ ಐತೆ, ಇಷ್ಟು ಅಗ್ಗ ಯಾಕೆ?’ ಎಂದು ಕೇಳಿದೆ. ನಾನೇನು ದಡ್ಡನಲ್ಲ.

‘ಆ ಹಿತ್ತಾಳೇದು ನೆಲ ನೋಡಾಕೆ ಮಾಡಿದ್ದು ಸರ್, ಇದು ಆಕಾಶ ನೋಡಾಕೆ’ ಎಂದರು ಅವರು. ‘ನೆಲದ್ದಕ್ಕೆ ಒಳಗೆ ಒಂದು ಗಾಜು ಜಾಸ್ತಿ ಇರತೈತೆ. ಆಕಾಶಕ್ಕೆ ಅದು ಬೇಕಾಗಂಗಿಲ್ಲ.’

‘ಯಾಕೆ ಬೇಕಾಗಲ್ಲ?’

‘ಆಕಾಶದಾಗೆ ಮ್ಯಾಲೆ ಯಾವುದು, ಕೆಳಗೆ ಯಾವುದು ಸರ್?’

ಎಂಥ ಮಾತು! ಮಠದಲ್ಲಿ ಕೇಳಬೇಕಾದದ್ದನ್ನು ಈ ಮನುಷ್ಯ ಅಂಗಡಿಯಲ್ಲಿ ಕೂತು ಪುಕ್ಕಟೆ ಹೇಳುತ್ತಿದ್ದಾನಲ್ಲ ಎಂದು ತಲೆದೂಗಿದೆ. ಒಂದು ಗಾಜಿನ ಹಣ ಉಳಿಯಿತು, ಮೇಲೊಂದು ತತ್ತ್ವವೂ ಸಿಕ್ಕಿತು. ಆ ಗಾಜು ಏನು ಕೆಲಸ ಮಾಡುತ್ತದೆ ಎಂದು ಕೇಳಬಹುದಿತ್ತು. ನ್ಯಾಮತಿ ಬಸ್ಸಿಗೆ ಹೊತ್ತಾಗಿತ್ತು.

ಬಸ್ಸಿನಲ್ಲಿ ಕಂಡಕ್ಟರು ಅದನ್ನು ಬೋರ್‌ವೆಲ್ಲಿನ ಪೈಪೆಂದು ತಿಳಿದು ಲಗೇಜಿಗೆ ಚೀಟಿ ಹರಿದರು. ನಾನು ಚಂದ್ರನನ್ನು ನೋಡುವ ಯಂತ್ರ ಎಂದೆ. ‘ಚಂದ್ರನ್ನಾರ ನೋಡ್ರಿ, ಸೂರ್ಯನ್ನಾರ ನೋಡ್ರಿ, ಸೀಟಿನ ಮ್ಯಾಲೆ ಮಲಗಿಸಬ್ಯಾಡ್ರಿ’ ಎಂದು ಮುಂದಕ್ಕೆ ಹೋದರು. ಹೊನ್ನಾಳಿ ದಾಟುವವರೆಗೂ ಅದನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ.

ಮುಕ್ಕಾಲಿ ಬೇರೆ ಕೊಳ್ಳಬೇಕಿತ್ತು, ಕೊಂಡಿರಲಿಲ್ಲ. ಶಾಲೆಯಲ್ಲಿ ಹೈಜಂಪಿನ ಎರಡು ಕಂಬಗಳಿದ್ದವಲ್ಲ, ರಜೆಯಲ್ಲಿ ಬಣ್ಣ ಹೊಡೆಸುತ್ತೇನೆಂದು ಹೇಳಿ ಮನೆಗೆ ತಂದು ಹಿತ್ತಿಲಲ್ಲಿ ನೆಟ್ಟೆ. ಅಡ್ಡಗೋಲಿನ ಮೇಲೆ ಕೊಳವೆಯ ಮುಂಭಾಗ, ಹಿಂಭಾಗಕ್ಕೊಂದು ಸ್ಟೂಲು. ಅಡ್ಡಗೋಲು ಹೊತ್ತ ಗೂಟವನ್ನು ಕಂಬದಲ್ಲಿ ಒಂದು ರಂಧ್ರ ಮೇಲಕ್ಕೆ ಏರಿಸಿದರೆ ಕೊಳವೆ ಆಕಾಶಕ್ಕೆ ಏರುತ್ತಿತ್ತು, ಇಳಿಸಿದರೆ ಇಳಿಯುತ್ತಿತ್ತು. ವಿಜ್ಞಾನದ ಮೇಷ್ಟ್ರಿಗೆ ಇದು ಹೊಳೆಯುತ್ತಿತ್ತೇ?

ಮೊದಲ ಸಂಜೆಯೇ ಆಕ್ಷೇಪಣೆ ಬಂತು. ನಮ್ಮ ಹಿತ್ತಿಲಿನ ಪಡುವಣಕ್ಕೆ ಒಂದು ಖಾಲಿ ಸೈಟು, ಅದರಾಚೆ ಹಾಲಮ್ಮನವರ ಮನೆ. ವಯಸ್ಸಾದ ವಿಧವೆ, ಕೇರಿಗೆಲ್ಲ ಹಿರಿಯರು. ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೇ ಬಿಟ್ಟರು.

‘ಏನಪ್ಪಾ ಮೇಷ್ಟ್ರು, ನಿನ್ನ ದುರ್ಬೀನು ನಮ್ಮ ಬಚ್ಚಲ ಕಡೆ ಮುಖ ಮಾಡೈತಲ್ಲ?’

‘ದೊಡ್ಡಮ್ಮ, ಇದು ಆಕಾಶದ್ದು. ನೆಲ ನೋಡಾಕೆ ಆಗಂಗಿಲ್ಲ.’

‘ಅದು ನಿನಗೆ ಗೊತ್ತು, ನನಗೆ ಗೊತ್ತು. ಕೇರಿಯ ಹೆಣ್ಮಕ್ಕಳಿಗೆ ಹೆಂಗೆ ಗೊತ್ತಾಗಬೇಕು?’

ಕೇರಿಯ ಮಾನ ಮತ್ತು ನನ್ನ ಮಾನ ಎರಡನ್ನೂ ಕಾಯುವ ಸಲುವಾಗಿ ನಾನು ಸರೋಜಳ ಸಮಕ್ಷಮದಲ್ಲಿ ಮಾತು ಕೊಟ್ಟೆ. ಈ ಕೊಳವೆ ಯಾವ ಕಾಲಕ್ಕೂ ದೊಡ್ಡಮ್ಮನ ಮಾಳಿಗೆಯ ಮಟ್ಟಕ್ಕೂ ಇಳಿಯತಕ್ಕದ್ದಲ್ಲ. ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಮರ, ಮನೆ, ಮನುಷ್ಯ, ಎಮ್ಮೆ ಯಾವುದನ್ನೂ ಅದರಲ್ಲಿ ನೋಡಲಿಲ್ಲ. ಚುಕ್ಕಿಗಳನ್ನು ನೋಡಿದೆ. ಬರಿಗಣ್ಣಿಗೆ ಚುಕ್ಕಿಯಾಗಿ ಕಂಡದ್ದು ಅದರಲ್ಲೂ ಚುಕ್ಕಿಯಾಗಿಯೇ ಕಂಡಿತು. ಹೋಳಿ ಹುಣ್ಣಿಮೆಗೆ ಚಂದ್ರನನ್ನು ನೋಡಿದೆ, ಕುಣಿದಾಡಿದೆ, ಸರೋಜಳಿಗೂ ತೋರಿಸಿದೆ. ದುಂಡನೆಯ ಚಂದ್ರ. ದೋಸೆಯನ್ನು ಯಾವ ಕಡೆ ತಿರುಗಿಸಿಟ್ಟರೂ ದೋಸೆಯಂತೆಯೇ ಕಾಣುತ್ತದೆ ತಾನೆ? ಹೀಗಾಗಿ ನಾನು ಕೊಂಡ ವಸ್ತುವಿನ ಗುಣ ನನಗೇ ತಿಳಿಯದೆ ಉಳಿಯಿತು.

ಈಗ ಗಿರಿಜಾಳ ವಿಷಯ. ಹಾಲಮ್ಮನವರ ತಮ್ಮ ರುದ್ರಪ್ಪನವರು ಬಿಳಿಚೋಡಿನವರು. ಮಳೆ ನಂಬಿದ ಹೊಲ, ಒಂದಿಷ್ಟು ಕುರಿ, ಒಬ್ಬನೇ ಮಗ. ಮಗ ಬಸವರಾಜ ಜಗಳೂರಿನ ಆಸ್ಪತ್ರೆಯಲ್ಲಿ ಕಾಂಪೌಂಡರ್. ಸಂಕ್ರಾಂತಿಯ ಹೊತ್ತಿಗೆ ಹಾಲಮ್ಮನವರೇ ಮುಂದೆ ನಿಂತು ಹೆಣ್ಣು ತೋರಿಸಿದ್ದರು. ಹುಡುಗ ಒಪ್ಪಿದ. ಗಿರಿಜಾ ಒಪ್ಪಿದಳೋ ಇಲ್ಲವೋ ಎಂದು ನಾವು ಕೇಳುವ ಅಗತ್ಯ ಬೀಳಲಿಲ್ಲ. ಜಗಳೂರಿಗೆ ಯಾವ ಯಾವ ಹೊತ್ತಿಗೆ ಬಸ್ಸಿದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಇದಕ್ಕೂ ಮುಂಚೆ ಬಂದ ಎರಡು ಸಂಬಂಧಗಳಿಗೆ ಅವಳು ತಲೆಯನ್ನೇ ಎತ್ತಿರಲಿಲ್ಲ.

ಬಾಕಿ ಉಳಿದದ್ದು ರುದ್ರಪ್ಪನವರ ಮಾತು. ಅವರು ಯುಗಾದಿ ಚಂದ್ರನನ್ನು ನೋಡದೆ ಯಾವ ಕೆಲಸಕ್ಕೂ ಕೈ ಹಚ್ಚುವವರಲ್ಲ. ಹಬ್ಬದ ಮಾರನೇ ಸಂಜೆ ಪಡುವಣದಲ್ಲಿ ಎಳೆ ಚಂದ್ರ ಕಂಡಾಗ ಅದರ ಕೊಂಬು ನೋಡಿ ವರ್ಷದ ಮಳೆ ಬೆಳೆ ಹೇಳುವುದು ನಮ್ಮ ಕಡೆ ಇದ್ದದ್ದೇ. ರುದ್ರಪ್ಪನವರದು ಅದರಲ್ಲೂ ಖಡಕ್. ಕೊಂಬು ಮೇಲಕ್ಕಿದ್ದು ಚಂದ್ರ ಬಟ್ಟಲಿನಂತೆ ಕೂತಿದ್ದರೆ ವರ್ಷ ತುಂಬುತ್ತದೆ. ಓರೆಯಾಗಿದ್ದರೆ ಅಷ್ಟಕ್ಕಷ್ಟೆ. ‘ಬಟ್ಟಲು ನೆಟ್ಟಗಿದ್ರೆ ಅವತ್ತೇ ವೀಳ್ಯ ಹಿಡಿದು ಸಂಬಂಧ ಗಟ್ಟಿ ಮಾಡಾಣ’ ಎಂದು ಹೇಳಿ ಕಳಿಸಿದ್ದರು. ಪ್ರತಿ ವರ್ಷ ಚಂದ್ರನನ್ನು ನೋಡಿ ಅಕ್ಕನ ಕಾಲಿಗೆ ಬೀಳಲು ಅವರು ನ್ಯಾಮತಿಗೆ ಬರುವುದು ರೂಢಿ. ಈ ಸಲ ಮಗನನ್ನೂ ಕರೆದುಕೊಂಡು ಬಂದರು.

‘ಇವತ್ತೊಂದು ದಿನ ಆ ಕೊಳವಿ ಹೊರಗೆ ತೆಗೀಬ್ಯಾಡ್ರಿ’ ಎಂದಳು ಸರೋಜ. ‘ಬೀಗರಾಗೋರ ಮುಂದೆ ಪ್ರಯೋಗ ಬ್ಯಾಡ.’

‘ಹುಚ್ಚಿ, ಇಡೀ ನ್ಯಾಮತಿಗಿಂತ ಮೊದಲು ಬೀಗರಿಗೆ ಚಂದ್ರದರ್ಶನ ಮಾಡಿಸ್ತೀನಿ. ಇಂಥ ಮರ್ಯಾದೆ ಯಾವ ಹೆಣ್ಣಿನ ಕಡೆಯೋರು ಮಾಡ್ಯಾರೆ?’

ಯಾರೂ ಮಾಡಿರಲಿಲ್ಲ. ಅದಕ್ಕೆ ಕಾರಣವೂ ಇತ್ತು.

ಸಂಜೆಯಾಯಿತು. ಕೇರಿಯವರೆಲ್ಲ ಬೀದಿಯಲ್ಲಿ, ಮಾಳಿಗೆಗಳ ಮೇಲೆ ನಿಂತು ಹುಬ್ಬಿಗೆ ಕೈ ಹಿಡಿದು ಪಡುವಣ ನೋಡುತ್ತಿದ್ದರು. ಆಕಾಶದಲ್ಲಿ ಇನ್ನೂ ಬೆಳಕಿತ್ತು, ಮೇಲೆ ಧೂಳು ಬೇರೆ, ಯಾರಿಗೂ ಏನೂ ಕಾಣಲಿಲ್ಲ. ನಾನು ಗೂಟ ಏರಿಸಿ, ಇಳಿಸಿ, ಕೊಳವೆಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತ ಬೆವರು ಸುರಿಸಿದೆ. ಹಠಾತ್ತನೆ ಬೆಳ್ಳಿಯ ಎಳೆಯೊಂದು ಗಾಜಿನೊಳಗೆ ಬಂದು ನಿಂತಿತು. ಉಗುರು ಕತ್ತರಿಸಿ ಬಿಸಾಡಿದಷ್ಟು ತೆಳ್ಳಗೆ. ನನ್ನ ಕಣ್ಣಲ್ಲಿ ನೀರೇ ಬಂತು. ಕೊಂಬು ಯಾವ ಕಡೆ ಇದೆ ಎಂದು ನೋಡುವ ವ್ಯವಧಾನ ಆಗ ಯಾರಿಗಿತ್ತು?

‘ರುದ್ರಪ್ಪನವರೇ, ಬರ್ರಿ. ಊರಿಗೆಲ್ಲ ಮೊದಲ ದರ್ಶನ ನಿಮ್ಮದೇ ಆಗಲಿ.’

ರುದ್ರಪ್ಪನವರು ಚಪ್ಪಲಿ ಬಿಟ್ಟರು. ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡು, ಕೊಳವೆಗೆ ಕೈ ಮುಗಿದು, ಬಗ್ಗಿ, ಒಂದು ಕಣ್ಣು ಮುಚ್ಚಿದರು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಭಕ್ತಿಯಿಂದ ಮೈಮರೆತಿದ್ದಾರೆ ಎಂದುಕೊಂಡು ನಾನು ಬಸವರಾಜನ ಕಡೆ ನೋಡಿ ಹುಬ್ಬು ಹಾರಿಸಿದೆ.

ಅವರು ನಿಧಾನವಾಗಿ ಎದ್ದರು. ಮುಖ ಬಿಳಿಚಿಕೊಂಡಿತ್ತು.

‘ಬೋರಲಾಗೈತೆ’ ಎಂದರು.

‘ಏನು ಬೋರಲಾಗೈತ್ರೀ?’

‘ಚಂದ್ರ ಬೋರಲಾಗೈತೆ ಮೇಷ್ಟ್ರೇ. ಕೊಂಬು ಕೆಳಗೆ ಮಾಡಿ ಮಗುಚಿ ಬಿದ್ದೈತೆ. ಓರೆ ಆಗಿದ್ದು ಕಂಡೀನಿ. ಹಿಂಗೆ ಬಟ್ಟಲ ಬೋರಲು ಹಾಕಿದ್ದು ನಾನಿರಲಿ, ನಮ್ಮಪ್ಪನೂ ಕಂಡಿಲ್ಲ.’

ನಾನು ನುಗ್ಗಿ ನೋಡಿದೆ. ಹೌದು! ತೊಳೆದು ಬೋರಲು ಹಾಕಿದ ತಟ್ಟೆಯ ಹಾಗೆ ಚಂದ್ರ ಕವುಚಿ ಮಲಗಿತ್ತು. ಆದರೂ ಪಿ.ಟಿ. ಮೇಷ್ಟ್ರು ಸೋಲೊಪ್ಪುವವರಲ್ಲ. ಕೊಳವೆಯನ್ನೇ ತಿರುವಿದರೆ ಚಂದ್ರನೂ ತಿರುಗಬೇಕಲ್ಲವೇ ಎಂದು ಅದನ್ನು ಪೂರಾ ಒಂದು ಸುತ್ತು ತಿರುವಿದೆ. ಚಂದ್ರ ಅಲ್ಲಾಡಲಿಲ್ಲ. ಕಣ್ಣಿಡುವ ಇತ್ತಲಿನ ಗಾಜನ್ನು ತಿರುವಿದೆ. ಚಂದ್ರ ಮಸುಕಾಯಿತು, ಮತ್ತೆ ಸ್ಪಷ್ಟವಾಯಿತು, ಬೋರಲಾಗಿಯೇ ಇತ್ತು. ಕೊನೆಗೆ ಸ್ಟೂಲಿಗೆ ಬೆನ್ನು ಹಾಕಿ, ಕಾಲುಗಳ ನಡುವಿನಿಂದ ತಲೆ ತೂರಿಸಿ ನೋಡುವ ಪ್ರಯತ್ನ ಮಾಡಿದೆ. ಡ್ರಿಲ್ಲಿನಲ್ಲಿ ಮಕ್ಕಳಿಗೆ ದಿನಾ ಹೇಳಿಕೊಡುತ್ತಿದ್ದ ಭಂಗಿಯೇ. ಆದರೆ ಹೆಣ್ಣು ಕೊಡುವ ಮನೆಯ ಯಜಮಾನ ಬೀಗರ ಎದುರು ಮಾಡುವಂಥದ್ದಲ್ಲ.

‘ರೀ, ಏಳ್ರೀ’ ಎಂದು ಸರೋಜ ನನ್ನ ಅಂಗಿ ಹಿಡಿದು ಎಳೆದಳು.

ಎದ್ದು ನಿಂತವನಿಗೆ ದಾವಣಗೆರೆಯ ತತ್ತ್ವ ನೆನಪಾಯಿತು. ‘ರುದ್ರಪ್ಪನವರೇ, ಇದರಾಗೆ ಗಾಬರಿ ಬೀಳೋದು ಏನೂ ಇಲ್ಲ. ಆಕಾಶದಾಗೆ ಮ್ಯಾಲೆ ಯಾವುದು, ಕೆಳಗೆ ಯಾವುದು?’

‘ಮಳೆ ಮ್ಯಾಲಿಂದ ಕೆಳಗೆ ಬೀಳತೈತೆ ಮೇಷ್ಟ್ರೇ’ ಎಂದರು ಅವರು. ‘ನಮ್ಮ ಹೊಲಕ್ಕೆ ಅಷ್ಟು ತಿಳಿದರೆ ಸಾಕು.’

ಅಷ್ಟರಲ್ಲಿ ಬೀದಿಯಿಂದ ‘ಕಾಣ್ತು, ಕಾಣ್ತು’ ಎಂಬ ಕೂಗು ಎದ್ದಿತು. ಕತ್ತಲು ಸ್ವಲ್ಪ ಏರಿ ಚಂದ್ರ ಬರಿಗಣ್ಣಿಗೂ ಕಂಡಿತ್ತು. ನಾನು ತಲೆ ಎತ್ತಿದೆ. ಹಾಲಮ್ಮನವರ ಮಾಳಿಗೆಯ ಮೇಲೆ, ಎರಡೂ ಕೊಂಬು ಮೇಲೆತ್ತಿಕೊಂಡು, ಈಗಷ್ಟೇ ಯಾರೋ ಪಾಯಸಕ್ಕೆ ಇಟ್ಟಂಥ ಅಂದವಾದ ಬಟ್ಟಲು! ‘ಮಾವಾರೇ, ಮ್ಯಾಲೆ ನೋಡ್ರಿ, ನೆಟ್ಟಗೈತೆ’ ಎಂದು ಸರೋಜ ಕೂಗಿದಳು.

ರುದ್ರಪ್ಪನವರು ಆ ವೇಳೆಗೆ ಪಡುವಣಕ್ಕೆ ಬೆನ್ನು ಮಾಡಿ ರುಮಾಲನ್ನು ಮುಖಕ್ಕೆ ಎಳೆದುಕೊಂಡಿದ್ದರು. ‘ಮೊದಲು ಕಣ್ಣಿಗೆ ಬಿದ್ದದ್ದೇ ಲೆಕ್ಕ ತಾಯಿ. ಬರಿಗಣ್ಣಿಗೆ ಹೆಂಗಾರ ಕಾಣಬಹುದು. ಮೇಷ್ಟ್ರು ದುಡ್ಡು ಕೊಟ್ಟು ತಂದ ಯಂತ್ರ, ಹತ್ತಿರ ಹೋಗಿ ನೋಡಿ ಬಂದೈತೆ. ಅದು ಸುಳ್ಳು ಹೇಳತೈತಾ?’

ಇಡೀ ನ್ಯಾಮತಿಯಲ್ಲಿ ನನ್ನ ಯಂತ್ರವನ್ನು ಪೂರ್ತಿಯಾಗಿ ನಂಬಿದ ಮನುಷ್ಯ ಅವರೊಬ್ಬರೇ. ನಂಬಬಾರದ ಹೊತ್ತಿನಲ್ಲಿ ನಂಬಿದ್ದರು.

‘ಈ ವರ್ಷ ಬ್ಯಾಡ ಮೇಷ್ಟ್ರೇ. ನಿಮ್ಮ ತಂಗಿಗೆ ಬೇರೆ ಕಡೆ ನೋಡ್ರಿ, ನಾನು ಬ್ಯಾಸರ ಮಾಡ್ಕೊಳ್ಳಲ್ಲ. ಬಸವರಾಜ, ಚೀಲ ತಗಾ. ಅಕ್ಕಗೆ ನಮಸ್ಕಾರ ಮಾಡಿ ಹೊಂಡಾಣ.’

ಬಸವರಾಜ ಚೀಲ ತೆಗೆದುಕೊಳ್ಳಲಿಲ್ಲ, ತೆಗೆದುಕೊಳ್ಳುವುದಿಲ್ಲ ಎಂದೂ ಹೇಳಲಿಲ್ಲ. ಹಿತ್ತಿಲ ಬಾಗಿಲಲ್ಲಿ ಗಿರಿಜಾ ಬೇವು ಬೆಲ್ಲದ ತಟ್ಟೆ ಹಿಡಿದು ನಿಂತಿದ್ದಳು. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ನನ್ನನ್ನು ಒಮ್ಮೆ ನೋಡಿದಳು ಅಷ್ಟೆ. ಆ ಹೈಜಂಪ್ ಕಂಬ ಹಾರಿ ಎಲ್ಲಿಗಾದರೂ ಓಡಿಹೋಗಬೇಕು ಎನಿಸಿತು ನನಗೆ. ಜೀವನದಲ್ಲಿ ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಅವಳು ತಟ್ಟೆಯನ್ನು ಸರೋಜಳ ಕೈಗೆ ಕೊಟ್ಟು ನೇರ ಕೊಳವೆಯ ಹತ್ತಿರ ಬಂದಳು. ‘ನನ್ನ ಸಂಬಂಧ ಮುರಿದ ಚಂದ್ರನ್ನ ನಾನೂ ಒಂದ್ಸಲ ನೋಡ್ತೀನಿ’ ಎಂದಳು. ನೋಡಿದರೆ ಚಂದ್ರ ಇಲ್ಲ. ನಮ್ಮ ಮಾತುಕತೆಯ ನಡುವೆ ಅದು ಕೆಳಕ್ಕೆ ಜಾರಿತ್ತು. ಅವಳು ಸಿಟ್ಟಿನಲ್ಲಿ ಗೂಟ ಕಿತ್ತು ಒಂದು ರಂಧ್ರ ಕೆಳಗೆ ಸಿಕ್ಕಿಸಿದಳು. ಮತ್ತೂ ಒಂದು ಇಳಿಸಿದಳು. ನಾನು ಕೊಟ್ಟ ಮಾತು, ಕೇರಿಯ ಮಾನ, ಎಲ್ಲ ಅಲ್ಲಿಗೆ ಇಳಿಯಿತು. ಇತ್ತಲಿನ ಗಾಜನ್ನು ಹಿಂದೆ ಮುಂದೆ ಎಳೆದವಳು ತಟ್ಟನೆ ನಿಂತಳು.

‘ಅಣ್ಣ, ದೊಡ್ಡಮ್ಮ ಯಾಕೆ ತಲೆ ಕೆಳಗೆ ಮಾಡಿ ನಿಂತಾರೆ?’

ಹಾಲಮ್ಮನವರು ತಮ್ಮ ಮಾಳಿಗೆಯ ಮೇಲೆ ಆರತಿ ತಟ್ಟೆ ಹಿಡಿದು ಚಂದ್ರನಿಗೆ ಬೆಳಗುತ್ತಿದ್ದರು. ಬರಿಗಣ್ಣಿಗೆ ನೆಟ್ಟಗೇ ನಿಂತಿದ್ದರು. ಬಸವರಾಜ ಬಂದು ಕೊಳವೆಯಲ್ಲಿ ಬಗ್ಗಿ ನೋಡಿದ. ಮೇಲೆದ್ದು ಗಿರಿಜಾಳ ಮುಖ ನೋಡಿದ. ಇಬ್ಬರಿಗೂ ಒಂದೇ ಸಲ ನಗು ಬಂತು. ಪುಣ್ಯಾತ್ಮರು, ನನ್ನ ಕಡೆ ನೋಡಲಿಲ್ಲ.

‘ಅಪ್ಪ, ಇಲ್ಲಿ ಬಾ. ಅತ್ತೆ ನೋಡು.’

‘ನಾನು ಇನ್ನು ಅದರಾಗೆ ನೋಡಂಗಿಲ್ಲ.’

‘ಅತ್ತೆ ಕಾಲು ಮ್ಯಾಲೆ ಅದಾವೆ ಅಪ್ಪ. ದೀಪ ಕೆಳಮುಖ ಮಾಡಿ ಉರೀತೈತೆ.’

ಅಕ್ಕನಿಗೆ ಏನೋ ಆಯಿತೆಂದು ರುದ್ರಪ್ಪನವರು ರುಮಾಲು ಎಸೆದು ಓಡಿ ಬಂದರು. ಬಗ್ಗಿ ನೋಡಿದರು. ಸೀರೆ ಮೇಲೆ, ಸೆರಗು ಕೆಳಗೆ. ತಟ್ಟೆಯಿಂದ ಜಾರಿ ಬೀಳದ ಆರತಿ, ಕೆಳಕ್ಕೆ ನಾಲಗೆ ಚಾಚಿ ಉರಿಯುವ ದೀಪ. ಎದ್ದು ಬರಿಗಣ್ಣಲ್ಲಿ ನೋಡಿದರು. ಮತ್ತೆ ಬಗ್ಗಿದರು.

‘ಅಕ್ಕಾ, ಅಲ್ಲಾಡಬ್ಯಾಡ, ಹಂಗೇ ನಿಂತ್ಕಾ’ ಎಂದು ಕೂಗಿದರು.

ಸೈಟಿನಾಚೆಯಿಂದ ಉತ್ತರ ಬಂತು. ‘ನಾನು ಹೆಂಗೆ ನಿಂತೀನಿ ಅಂತ ನಿನಗೇನು ಗೊತ್ತು? ಆ ಮೇಷ್ಟ್ರು ದುರ್ಬೀನು ನಮ್ಮ ಮಾಳಿಗಿಗೆ ಇಳಿಸ್ಯಾನಾ?’

ರುದ್ರಪ್ಪನವರು ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು. ‘ನಮ್ಮಕ್ಕ ಬೋರಲಾಗಿಲ್ಲ. ಚಂದ್ರನೂ ಬೋರಲಾಗಿಲ್ಲ. ನಿಮ್ಮ ಕೊಳವೆ ಬೋರಲು ಮೇಷ್ಟ್ರೇ.’

ಆಗ ನನಗೆ ದಾವಣಗೆರೆಯ ಆ ಹೆಚ್ಚಿನ ಗಾಜಿನ ಕೆಲಸ ಏನೆಂದು ಹೊಳೆಯಿತು. ತಲೆಕೆಳಗಾದದ್ದನ್ನು ಮತ್ತೆ ನೆಟ್ಟಗೆ ಮಾಡುವುದು! ನಾನು ಹಣ ಉಳಿಸಿದ್ದು ಅದೊಂದರಲ್ಲೇ.

‘ಹಂಗಾದ್ರೆ ನಾನು ಈ ವರ್ಷದ ಚಂದ್ರನ್ನ ಇನ್ನೂ ನೋಡೇ ಇಲ್ಲ ಅಂತಾತು’ ಎಂದು ರುದ್ರಪ್ಪನವರು ತಮಗೆ ತಾವೇ ತೀರ್ಪು ಕೊಟ್ಟುಕೊಂಡು ಪಡುವಣಕ್ಕೆ ತಿರುಗಿದರು. ಚಂದ್ರ ಇರಲಿಲ್ಲ. ಹಾಲಮ್ಮನವರ ಮಾಳಿಗೆಯ ಹಿಂದಕ್ಕೆ ಇಳಿದುಬಿಟ್ಟಿತ್ತು.

ಆಗ ಮಾತ್ರ ನನ್ನೊಳಗಿನ ಪಿ.ಟಿ. ಮೇಷ್ಟ್ರು ಎಚ್ಚೆತ್ತ. ‘ಓಡ್ರಿ’ ಎಂದೆ. ರುದ್ರಪ್ಪನವರ ಕೈ ಹಿಡಿದು ಖಾಲಿ ಸೈಟಿನ ಜಾಲಿಮುಳ್ಳು ತುಳಿಯುತ್ತ ಓಡಿದೆ. ಹಿಂದೆ ಬಸವರಾಜ, ಅವನ ಹಿಂದೆ ಗಿರಿಜಾ, ತಟ್ಟೆ ಚೆಲ್ಲದ ಹಾಗೆ ಹಿಡಿದುಕೊಂಡು ಸರೋಜ. ಹಾಲಮ್ಮನವರ ಏಣಿಗೆ ನಾನು ಭುಜ ಕೊಟ್ಟೆ, ಬೀಗರು ಹತ್ತಿದರು. ಒಂದು ಮೆಟ್ಟಿಲಿನಲ್ಲಿ ಅವರ ಪಾದ ನನ್ನ ತಲೆಯ ಮೇಲೂ ಬಂತು. ಅದಕ್ಕೆ ನಾನು ಸಂಪೂರ್ಣ ಅರ್ಹನಾಗಿದ್ದೆ.

ಕೆಳಗೆ ಏಣಿ ಹಿಡಿದು ನಿಂತವನಿಗೆ ಚಂದ್ರ ಕಾಣುತ್ತಿರಲಿಲ್ಲ.

‘ನೆಟ್ಟಗೈತೆ’ ಎಂದಿತು ರುದ್ರಪ್ಪನವರ ದನಿ. ‘ಎರಡು ಕೊಂಬೂ ಸಮಾ ಅದಾವೆ. ತುಂಬಿದ ಬಟ್ಟಲು. ಅಕ್ಕಾ, ಎಲೆ ಅಡಿಕೆ ತಟ್ಟೆ ತಗಾ.’

ನಾನು ಏಣಿಗೆ ಹಣೆ ಆನಿಸಿದೆ. ಎದೆಯ ಮೇಲಿದ್ದ ಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಬದುಕಿದೆನಪ್ಪಾ ಎಂದು ಬಾಯಿಬಿಟ್ಟು ಹೇಳಿದೆ. ಅಂದು ಆ ಮಾಳಿಗೆಯ ಮೇಲೇ ವೀಳ್ಯ ಆಯಿತು. ಎಲ್ಲರೂ ಹಾಲಮ್ಮನವರ ಕಾಲಿಗೆ ಬಿದ್ದರು. ನಾನು ಬಿದ್ದಾಗ ಅವರು ಆಶೀರ್ವಾದದ ಜೊತೆಗೆ, ‘ನಾಳೆ ಆ ಕಂಬ ಶಾಲಿಗೆ ವಾಪಸ್ ಹೋಗಬೇಕು’ ಎಂದೂ ಸೇರಿಸಿದರು. ಮಾರನೇ ದಿನ ಹೋದವು. ಬಣ್ಣ ನಾನೇ ಹೊಡೆದೆ.

ಮದುವೆ ಬೇಸಿಗೆಯಲ್ಲೇ ಬಿಳಿಚೋಡಿನಲ್ಲಿ ಚೆನ್ನಾಗಿ ನಡೆಯಿತು. ಕೊಳವೆಯನ್ನು ಸರೋಜ ಅಟ್ಟಕ್ಕೆ ಹಾಕಿದಳು. ಮುಂದಿನ ಯುಗಾದಿಗೆ ಮಗ ಸೊಸೆಯ ಜೊತೆ ಬಂದ ರುದ್ರಪ್ಪನವರು ಮೊದಲು ಬರಿಗಣ್ಣಲ್ಲಿ ಚಂದ್ರನನ್ನು ನೋಡಿ, ಅಕ್ಕನಿಗೆ ನಮಸ್ಕಾರ ಮಾಡಿ, ನಮ್ಮ ಹಿತ್ತಿಲಿಗೆ ಬಂದರು. ಹಿಂದಿನ ವರ್ಷ ಮಳೆ ಹದವಾಗಿ ಬಿದ್ದಿತ್ತು, ಅವರ ಮುಖದಲ್ಲಿ ಕಳೆಯಿತ್ತು.

‘ಮೇಷ್ಟ್ರೇ, ಆ ಕೊಳವೆ ಸ್ವಲ್ಪ ತೆಗೀರಿ’ ಎಂದರು.

ನನಗೆ ಎಲ್ಲಿಲ್ಲದ ಹುರುಪು ಬಂತು. ವರ್ಷ ಕಳೆದ ಮೇಲಾದರೂ ವಿಜ್ಞಾನದ ಬೆಲೆ ತಿಳಿಯಿತಲ್ಲ ಎಂದು ಅಟ್ಟ ಹತ್ತಿ, ಧೂಳು ಒರೆಸಿ, ಸ್ಟೂಲಿನ ಮೇಲೆ ಇಟ್ಟು, ಯಾವ ಚುಕ್ಕಿ ತೋರಿಸಲಿ ಎಂದು ಕೇಳಿದೆ.

‘ಚುಕ್ಕಿ ಬ್ಯಾಡ. ನೀವು ಅಲ್ಲಿ ದೀಪದ ಬೆಳಕಿಗೆ, ಕಾಂಪೌಂಡಿನ ಹತ್ರ ಹೋಗಿ ನಿಂದ್ರಿ.’

ಹೋಗಿ ಅಟೆನ್ಷನ್‌ನಲ್ಲಿ ನಿಂತೆ. ರುದ್ರಪ್ಪನವರು ಕೊಳವೆಯನ್ನು ನನ್ನ ಕಡೆ ತಿರುಗಿಸಿ, ಒಂದು ಕಣ್ಣು ಮುಚ್ಚಿ, ನಿಧಾನವಾಗಿ, ಕಾಲಿನಿಂದ ತಲೆಯವರೆಗೆ ನೋಡಿದರು. ಗಿರಿಜಾ, ಬಸವರಾಜ, ಸರೋಜ ಅವರ ಬಾಯಿಂದ ಬರುವ ಮಾತಿಗೆ ಕಾಯುತ್ತಿದ್ದರು.

‘ಈ ಯಂತ್ರದ ಮ್ಯಾಲೆ ನಾನು ಸುಮ್ನೆ ತಪ್ಪು ಹೊರಿಸಿದೆ ಮೇಷ್ಟ್ರೇ’ ಎಂದರು ಅವರು, ಕಣ್ಣು ತೆಗೆಯದೆ. ‘ನಿಮ್ಮನ್ನ ಮಾತ್ರ ಇದು ಇದ್ದದ್ದು ಇದ್ದಂಗೇ ತೋರಿಸ್ತೈತೆ.’